ಪ್ರಸ್ತಾರವೇ ಛಂದಸ್ಸೆ?

ನಮ್ಮ ಪತ್ರಿಕೆಯ ಕಳೆದ ತಿಂಗಳ ಸಂಚಿಕೆಯಲ್ಲಿ ತರುಣ ಮಿತ್ರರೊಬ್ಬರು ಛಂದಸ್ಸಿನ ಪಾಠದ ಮೇಲೆ ಖಡ್ಗವನ್ನೇ ಹಿರಿದು ನಿಂತಿರುವರು. ಪದ್ಯವೊಂದನ್ನು ಎದುರಿಗಿಟ್ಟುಕೊಂಡು, ಅದರ ತಲೆಯ ಮೇಲೆ ಗೆರೆ ಕೊಂಕುಗಳನ್ನು ಎಳೆದು, ಮೂರು ಮೂರಾಗಿಯೋ ನಾಲ್ಕು ನಾಲ್ಕಾಗಿಯೋ ಕತ್ತರಿಸಿ, ಕೊನೆಗೆ ಒಂದು ಹೆಸರನ್ನು ಅಂಟಿಸುವ ಈ ವಿದ್ಯೆಯಿಂದ ಮಕ್ಕಳಿಗೆ ಕಾವ್ಯದಲ್ಲಿ ಜುಗುಪ್ಸೆ ಹುಟ್ಟುವುದಲ್ಲದೆ ಬೇರೆ ಫಲವಿಲ್ಲವೆಂದೂ, ಆದುದರಿಂದ ಇದನ್ನು ಪಠ್ಯಕ್ರಮದಿಂದಲೇ ತೆಗೆದುಹಾಕತಕ್ಕದ್ದೆಂದೂ ಅವರ ವಾದ. ಅದನ್ನು ಓದಿ ನಮ್ಮ ಸಂಘದ ಹಿರಿಯ ಸದಸ್ಯರು ಕೆಲವರು ಕೆರಳಿದರು. ಮೂವತ್ತಕ್ಕೂ ಮಿಕ್ಕ ವರ್ಷ ಕನ್ನಡ ಪಾಠ ಹೇಳಿದವನೆಂಬ ಕಾರಣದಿಂದಲೂ, ಅದಕ್ಕೂ ಮೊದಲು ಪಾಠಶಾಲೆಯಲ್ಲಿ ಸಂಸ್ಕೃತವನ್ನು ಓದಿದವನೆಂಬ ಕಾರಣದಿಂದಲೂ, ತಕ್ಕ ಉತ್ತರವನ್ನು ಬರೆಯಬೇಕೆಂದು ನನ್ನನ್ನು ಒತ್ತಾಯಪಡಿಸಿದರು. ಉತ್ತರವನ್ನು ಬರೆಯುತ್ತಿದ್ದೇನೆ, ಆದರೆ ಆ ಹಿರಿಯರು ಬಯಸಿದಂತಹ ಉತ್ತರ ಇದಾಗಲಾರದೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳದೆ ಸಿದ್ಧಾಂತಕ್ಕೆ ಹೊರಡುವುದು ನನ್ನ ಗುರುಗಳು ಕಲಿಸಿದ ರೀತಿಯಲ್ಲ. ಮಿತ್ರರ ಆಕ್ಷೇಪಗಳು ಮೂರು. ಮೊದಲನೆಯದು, ಗುರುಲಘುಗಳ ಗುರುತು ಹಾಕುವುದು ಕೇವಲ ಯಂತ್ರದ ಕೆಲಸ, ಅದರಲ್ಲಿ ರಸಜ್ಞತೆಗೆ ಎಡೆಯೇ ಇಲ್ಲ. ಎರಡನೆಯದು, ಯಾವ ಕವಿಯೂ ಬೆರಳು ಮಡಿಸಿ ಮಾತ್ರೆಗಳನ್ನು ಎಣಿಸುತ್ತ ಬರೆದವನಲ್ಲ. ಅವನು ಎಣಿಸದಿದ್ದುದನ್ನು ನಾವೇಕೆ ಎಣಿಸಬೇಕು? ಮೂರನೆಯದು, ಈ ಕಾಲದ ಕವಿತೆಯು ಛಂದಸ್ಸಿನ ಕಟ್ಟನ್ನು ಹರಿದುಕೊಂಡು ಹೊರಬಂದಿರುವಾಗ ಹಳೆಯ ಕಟ್ಟಿನ ಲೆಕ್ಕವು ಯಾರಿಗೆ ಬೇಕು?

ಇವುಗಳಲ್ಲಿ ಮೊದಲನೆಯ ಆಕ್ಷೇಪವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಒಪ್ಪಿದಮೇಲೆ ಹೇಳುವುದೇನೆಂದರೆ, ಮಿತ್ರರು ಯಾವುದನ್ನು ಛಂದಸ್ಸೆಂದು ತಿಳಿದು ದೂಷಿಸುತ್ತಿರುವರೋ ಅದು ಛಂದಸ್ಸಲ್ಲ. ನಮ್ಮ ಸಂಘದ ಹಿರಿಯರು ಯಾವುದನ್ನು ಛಂದಸ್ಸೆಂದು ತಿಳಿದು ಕಾಪಾಡಹೊರಟಿರುವರೋ ಅದೂ ಛಂದಸ್ಸಲ್ಲ. ಇಬ್ಬರೂ ಕಾಗದದ ಮೇಲಿನ ಗುರುತನ್ನೇ ಪದ್ಯದ ನಡಗೆಯೆಂದು ಭ್ರಮಿಸಿರುವರು. ಒಬ್ಬರು ಅದನ್ನು ಪೂಜಿಸುವರು, ಇನ್ನೊಬ್ಬರು ಒಡೆಯಹೊರಟಿರುವರು. ವಿಗ್ರಹವು ಮಾತ್ರ ಒಂದೇ.

ಪ್ರಸ್ತಾರವೆಂಬ ಮಾತನ್ನೇ ನೋಡಿರಿ. ಶಾಸ್ತ್ರದಲ್ಲಿ ಅದರ ಅರ್ಥ ಬೇರೆ. ಇಷ್ಟು ಅಕ್ಷರಗಳ ಪಾದದಲ್ಲಿ ಗುರುಲಘುಗಳ ಹೊಂದಿಕೆ ಎಷ್ಟು ಬಗೆಯಾಗಿ ಆಗಬಹುದೆಂಬುದನ್ನು ಕ್ರಮವಾಗಿ ಹರಡಿ ತೋರಿಸುವುದಕ್ಕೆ ಪ್ರಸ್ತಾರವೆಂದು ಹೆಸರು. ಮೂರಕ್ಷರಕ್ಕೆ 8 ಬಗೆ. ಅವೇ ಯಮಾತಾರಾಜಭಾನಸಲಗಂ ಎಂಬ ಸೂತ್ರದಲ್ಲಿ ಅಡಗಿರುವ ಎಂಟು ಗಣಗಳು. ನಾಲ್ಕಕ್ಷರಕ್ಕೆ 16, ಐದಕ್ಕೆ 32. ಇದು ಗಣಿತ, ಸೊಗಸಾದ ಗಣಿತ. ಶಾಲೆಗಳಲ್ಲಿ ಪದ್ಯದ ಮೇಲೆ ಗುರುತು ಹಾಕುವುದಕ್ಕೂ ಇದೇ ಹೆಸರು ಬಂದುದು ರೂಢಿಯಿಂದ. ರೂಢಿಯ ಮೇಲೆ ನನಗೆ ಜಗಳವಿಲ್ಲ. ಆದರೆ ಹೆಸರು ಬಂದಂತೆ ಗಣಿತದ ಬುದ್ಧಿಯೂ ಬಂದು ಕುಳಿತು, ಕಿವಿಯು ಮಾಡಬೇಕಾದ ಕೆಲಸವನ್ನು ಲೇಖಣಿಗೆ ವಹಿಸಿಬಿಟ್ಟಿತು.

ನಾನು ಪಾಠಶಾಲೆಯಲ್ಲಿ ವಸಂತತಿಲಕವನ್ನು ಕಲಿತ ಬಗೆಯನ್ನು ಹೇಳುತ್ತೇನೆ. ಗುರುಗಳು ಆ ವೃತ್ತದ ಶ್ಲೋಕಗಳನ್ನು ತಿಂಗಳುಗಟ್ಟಲೆ ನಮ್ಮ ಬಾಯಲ್ಲಿ ಹೇಳಿಸಿದರು. ವೃತ್ತದ ಹೆಸರನ್ನು ಎತ್ತಲಿಲ್ಲ. ಒಂದು ದಿನ ನಮಗೆ ತಿಳಿಯದ ಹೊಸ ಶ್ಲೋಕವೊಂದನ್ನು ಓದಿ, ನಡುವೆ ಬೇಕೆಂದೇ ಒಂದಕ್ಷರವನ್ನು ನುಂಗಿದರು. ಹನ್ನೆರಡು ಮಂದಿ ಹುಡುಗರೂ ಒಮ್ಮೆಗೇ ತಲೆಯೆತ್ತಿದೆವು. ‘ಏನಾಯಿತು?’ ಎಂದರು. ಎಡವಿದಂತಾಯಿತೆಂದೆವು. ‘ಆ ಎಡವಿದ್ದನ್ನು ತಿಳಿದವನಿಗೆ ಛಂದಸ್ಸು ಬಂದಿತು, ಇನ್ನು ಲಕ್ಷಣವನ್ನು ಬರೆದುಕೊಳ್ಳಿ’ ಎಂದು, ತ ಭ ಜ ಜ ಗಣಗಳನ್ನೂ ಕೊನೆಯ ಎರಡು ಗುರುಗಳನ್ನೂ ಅಂದು ಹೇಳಿದರು. ಇಂತಹ ಗುರುಗಳ ಕೈಯಲ್ಲಿ ಕಲಿತವನು ನಾನು. ಆದರೂ ಪ್ರೌಢಶಾಲೆಗೆ ಉಪಾಧ್ಯಾಯನಾಗಿ ಬಂದೊಡನೆ ಕಪ್ಪುಹಲಗೆಯ ಮೇಲೆ ಮೊದಲು ಗೆರೆ ಎಳೆದೆ. ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತಿದ್ದರಷ್ಟೆ.

ಈಗ ವಾಚಕರು ಒಂದು ಸಣ್ಣ ಪ್ರಯೋಗವನ್ನು ಮಾಡಬೇಕೆಂದು ಬೇಡುತ್ತೇನೆ. ಕೆಳಗಿನ ಎರಡು ವಾಕ್ಯಗಳು ಯಾವ ಕಾವ್ಯದವೂ ಅಲ್ಲ. ಉದಾಹರಣೆಗೆಂದು ನಾನೇ ಜೋಡಿಸಿದ ಬರಿಯ ಮಾತುಗಳು. ‘ಮರದ ಕೆಳಗೆ ಗಿಳಿಯ ಮರಿಯು’ ಎಂಬುದು ಒಂದು. ‘ಮರದಲಿ ಗಿಳಿಗಳು ನೆರೆದುವು’ ಎಂಬುದು ಇನ್ನೊಂದು. ಎರಡಕ್ಕೂ ಗುರುತು ಹಾಕಿರಿ. ಪಾದಾಂತದ ಲಘುವನ್ನು ಗುರುವೆಂದೆಣಿಸುವ ವಿಕಲ್ಪವನ್ನು ಬದಿಗಿಟ್ಟರೆ, ಮೊದಲನೆಯದರಲ್ಲಿ ಹನ್ನೆರಡು ಲಘುಗಳು. ಎರಡನೆಯದರಲ್ಲಿಯೂ ಹನ್ನೆರಡು ಲಘುಗಳು. ಕಾಗದದ ಮೇಲೆ ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟು ಭೇದವಿಲ್ಲ. ಈಗ ತೊಡೆಯ ಮೇಲೆ ತಾಳ ಹಾಕುತ್ತ ಎರಡನ್ನೂ ಗಟ್ಟಿಯಾಗಿ ಹೇಳಿರಿ. ಮೊದಲನೆಯದು ಮೂರು ಮೂರರ ಹೆಜ್ಜೆಯಲ್ಲಿ ನಾಲ್ಕು ಸಲ ಕಾಲಿಡುವುದು. ಎರಡನೆಯದು ನಾಲ್ಕು ನಾಲ್ಕರ ಹೆಜ್ಜೆಯಲ್ಲಿ ಮೂರು ಸಲ. ಮೊದಲನೆಯದು ಕುಣಿಯುವುದು, ಎರಡನೆಯದು ನಡೆಯುವುದು. ಮೊದಲನೆಯದು ಭೋಗಷಟ್ಪದಿಯ ಪಾದಕ್ಕೆ ಹೊಂದುವುದು. ಎರಡನೆಯದು ಸರ್ವಥಾ ಹೊಂದದು. ಈ ಭೇದವನ್ನು ಯಾವ ಗೆರೆಯು ತೋರಿಸಿತು, ಯಾವ ಕೊಂಕು ತೋರಿಸಿತು? ಪದಗಳು ಒಡೆಯುವ ಸ್ಥಳವನ್ನು ಕಿವಿ ಹಿಡಿಯಿತು. ಗಣವಿಂಗಡಣೆಯು ಕಿವಿಯ ತೀರ್ಪನ್ನು ಆಮೇಲೆ ಬರೆದಿಟ್ಟಿತು, ಅಷ್ಟೆ.

ಗುರುಲಘುಗಳಾದರೂ ಕಾಗದದಿಂದಲೇ ನಿರ್ಣಯವಾಗುವುವೆಂದು ಕೆಲವರು ಹೇಳಬಹುದು. ಕನ್ನಡದಲ್ಲಿ ಅದೂ ಪೂರ್ಣ ಸತ್ಯವಲ್ಲ. ಒತ್ತಕ್ಷರದ ಹಿಂದಿನ ಅಕ್ಷರವು ಗುರುವೆಂಬ ಸೂತ್ರವು ಎಲ್ಲರಿಗೂ ಗೊತ್ತು. ಆದರೆ ಹಳಗನ್ನಡದಲ್ಲಿ ರಕಾರ ಳಕಾರಾದಿಗಳು ಮೊದಲಲ್ಲಿರುವ ಕೆಲವು ಒತ್ತುಗಳು ಬಾಯಲ್ಲಿ ಸಡಿಲವಾಗಿ ಉಚ್ಚಾರವಾಗುವುದರಿಂದ ಹಿಂದಿನ ಅಕ್ಷರವು ಲಘುವಾಗಿಯೇ ಉಳಿಯುವುದುಂಟು. ಇದಕ್ಕೆ ಶಿಥಿಲದ್ವಿತ್ವವೆಂದು ಹೆಸರು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇದನ್ನು ವಿಚಾರಮಾಡಿರುವನು. ಬರೆವಣಿಗೆಯಲ್ಲಿ ಒತ್ತು ಕಣ್ಣೆದುರಿಗೆ ನಿಂತಿರುವಾಗಲೂ ಅದು ಬಿಗಿಯೋ ಸಡಿಲವೋ ಎಂದು ಹೇಳಬೇಕಾದುದು ನಾಲಗೆ. ವೈಯಾಕರಣಿಯೇ ನಾಲಗೆಗೆ ತಲೆಬಾಗಿರುವಲ್ಲಿ ನಾವು ಗೆರೆಗೆ ತಲೆಬಾಗುವುದು ಎಂತಹ ಪಾಂಡಿತ್ಯ?

ಪದ್ಯದ ಬಂಧವನ್ನು ವಿಮರ್ಶಿಸುವುದೆಂದರೆ ಹೇಗೆಂಬುದಕ್ಕೆ ಭಾಮಿನೀ ಷಟ್ಪದಿಯನ್ನೇ ತೆಗೆದುಕೊಳ್ಳೋಣ. ಗದುಗಿನ ಭಾರತವು ಈ ಬಂಧದಲ್ಲಿರುವುದರಿಂದ ಇದನ್ನು ಕೇಳದ ಕನ್ನಡಿಗರ ಮನೆ ವಿರಳ. ಒಂದು, ಎರಡು, ನಾಲ್ಕು, ಐದನೆಯ ಪಾದಗಳಿಗೆ 14 ಮಾತ್ರೆ, ಮೂರು ಮತ್ತು ಆರನೆಯವಕ್ಕೆ 23, ಒಟ್ಟು 102. ಹುಡುಗರು ಇಷ್ಟನ್ನು ಕಂಠಪಾಠಮಾಡಿ ಬರೆಯುವರು, ಅಂಕವೂ ಬರುವುದು. ಆದರೆ 14 ಎಂಬುದು ಬಂಧವನ್ನು ಹೇಳುವುದಿಲ್ಲ. ಮೂರು, ನಾಲ್ಕು, ಮೂರು, ನಾಲ್ಕು ಎಂಬ ನಡಗೆ ಹೇಳುವುದು. ಮೂರು ನಾಲ್ಕು ಸೇರಿ ಏಳರ ಒಂದು ಹೆಜ್ಜೆ. ಮೊದಲ ಪಾದದಲ್ಲಿ ಎರಡು ಹೆಜ್ಜೆ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು. ಬಳಿಕ ಒಂದು ಗುರು. ಅಂದರೆ ಅರ್ಧಪದ್ಯವು ಏಳರ ಏಳು ಹೆಜ್ಜೆ ಮತ್ತು ಒಂದು ನಿಲುಗಡೆ. ಒಂದು ಕಾಲು ಗಿಡ್ಡ, ಒಂದು ಕಾಲು ಉದ್ದವಾಗಿರುವ ಈ ನಡಗೆಯಿಂದ ಪದ್ಯವು ಮುಂದಕ್ಕೆ ಬೀಳುತ್ತಲೇ ಹೋಗುವುದು. ಮೂರನೆಯ ಪಾದದ ಕೊನೆಯ ಗುರುವಿನಲ್ಲಿ ಮಾತ್ರ ಗಮಕಿಯು ಉಸಿರೆಳೆದುಕೊಳ್ಳುವನು. ಸಾವಿರಾರು ಪದ್ಯಗಳ ಕಥೆಯು ಕೇಳುವವರಿಗೆ ಆಯಾಸವಾಗದಂತೆ ಓಡುವುದಕ್ಕೆ ಈ ವಿಷಮ ನಡಗೆಯೂ ಈ ಒಂದು ನಿಲುಗಡೆಯೂ ಎಷ್ಟು ಸಹಾಯಮಾಡಿವೆಯೆಂಬುದನ್ನು ಜಗಲಿಯ ಮೇಲೆ ಕುಳಿತು ಭಾರತವಾಚನವನ್ನು ಕೇಳಿದವರು ಬಲ್ಲರು. ಇದಕ್ಕೆ ಪ್ರತಿಯಾಗಿ ಲಕ್ಷ್ಮೀಶನ ಜೈಮಿನಿಭಾರತವು ವಾರ್ಧಕ ಷಟ್ಪದಿಯಲ್ಲಿದೆ. ಅಲ್ಲಿ ಐದು ಐದರ ಹೆಜ್ಜೆ. ಸಣ್ಣ ಪಾದಕ್ಕೆ 20, ದೊಡ್ಡ ಪಾದಕ್ಕೆ 32 ಮಾತ್ರೆ. ಅಲ್ಲಿ ನಾದವು ಸಮನಾಗಿ ತೂಗುತ್ತ, ವರ್ಣನೆಯನ್ನು ಬಿಡಿಸಿ ಬಿಡಿಸಿ ತೋರಿಸಲು ಅವಕಾಶ ಕೊಡುವುದು. ಒಬ್ಬ ಕವಿ ಏಳರ ಹೆಜ್ಜೆಯನ್ನೂ ಇನ್ನೊಬ್ಬನು ಐದರ ಹೆಜ್ಜೆಯನ್ನೂ ಏಕೆ ಹಿಡಿದನೆಂದು ಕೇಳಿದಾಗ ಛಂದಸ್ಸಿನ ವಿಮರ್ಶೆ ಮೊದಲಾಗುವುದು. ಹೆಸರನ್ನು ಬರೆದು ಕೆಳಗೆ ಗೆರೆ ಎಳೆದಾಗ ಅದು ಮುಗಿಯಿತೆಂದು ನಾವು ತಿಳಿದಿದ್ದೇವೆ.

ಷಟ್ಪದಿಯ ಗಣಗಳು ಲಘುವಿನ ಮೇಲೆ ಗುರು ಬಂದು ಆರಂಭವಾಗಬಾರದೆಂಬ ನಿಯಮವೊಂದುಂಟು. ಮಕ್ಕಳು ಇದನ್ನು ಕಾರಣವಿಲ್ಲದ ಕಟ್ಟಳೆಯೆಂದು ಬಾಯಿಪಾಠ ಮಾಡುವರು. ‘ಭಾರತ’ ಎಂಬುದಕ್ಕೆ ನಾಲ್ಕು ಮಾತ್ರೆ, ‘ವಿಚಾರ’ ಎಂಬುದಕ್ಕೂ ನಾಲ್ಕು ಮಾತ್ರೆ. ತಾಳ ಹಾಕಿಕೊಂಡು ಎರಡನ್ನೂ ಹೇಳಿರಿ. ಮೊದಲನೆಯದರಲ್ಲಿ ತಾಳದ ಪೆಟ್ಟೂ ಅಕ್ಷರದ ಭಾರವೂ ಕೂಡಿ ಬೀಳುವುವು. ಎರಡನೆಯದರಲ್ಲಿ ಪೆಟ್ಟು ಹಗುರಾದ ಅಕ್ಷರದ ಮೇಲೆ ಬಿದ್ದು, ಭಾರವು ಪಕ್ಕಕ್ಕೆ ಜಾರುವುದು. ಹುಡುಗನು ಇದನ್ನು ಒಮ್ಮೆ ತನ್ನ ಕೈಯಿಂದ ತಟ್ಟಿ ನೋಡಿದರೆ ನಿಯಮವನ್ನು ಮರೆಯಲಾರನು; ಅಷ್ಟೇ ಅಲ್ಲ, ನಿಯಮವನ್ನು ಮಾಡಿದವರು ತನ್ನಂತೆಯೇ ಕಿವಿಯುಳ್ಳ ಮನುಷ್ಯರೆಂಬುದನ್ನೂ ತಿಳಿಯುವನು.

ಇಲ್ಲಿಯವರೆಗಿನದು ಅಜ್ಞಾನದ ಮಾತು. ಇನ್ನು ಅನ್ಯಾಯದ ಮಾತನ್ನು ಹೇಳಬೇಕಾಗಿದೆ. ಆ ಅನ್ಯಾಯವನ್ನು ಮಾಡಿದವನು ನಾನೇ ಆದುದರಿಂದ ಮರೆಮಾಚುವ ಪ್ರಯೋಜನವಿಲ್ಲ.

1986ರ ಸುಮಾರಿನಲ್ಲಿ ನಾನು ಭೀಮಾತೀರದ ಹಳ್ಳಿಯೊಂದರ ಶಾಲೆಯಲ್ಲಿದ್ದೆನು. ತಮ್ಮ ಮನೆಯಲ್ಲಿ ಹಾಡುವ ತ್ರಿಪದಿಯೊಂದನ್ನು ಬರೆದು ತರಬೇಕೆಂದು ಮಕ್ಕಳಿಗೆ ಹೇಳಿದ್ದೆ. ಒಬ್ಬ ಹುಡುಗನು ತನ್ನ ಅಜ್ಜಿಯು ಬೀಸುವಾಗ ಹಾಡುವ ಎರಡು ಪದಗಳನ್ನು ಬಹಳ ಅಚ್ಚುಕಟ್ಟಾಗಿ ಬರೆದುತಂದನು. ನಾನು ಅವುಗಳ ಮೇಲೆ ಗುರುತು ಹಾಕಿದೆ. ಒಂದರ ಮೊದಲ ಪಾದಕ್ಕೆ 18 ಮಾತ್ರೆ ಬಂದಿತು, ಇನ್ನೊಂದರ ಮೊದಲ ಪಾದಕ್ಕೆ 21. ಷಟ್ಪದಿಯ ಲೆಕ್ಕದಲ್ಲಿ ಮುಳುಗಿದ್ದ ನನ್ನ ಬುದ್ಧಿಗೆ ಇದು ಸಹನೆಯಾಗಲಿಲ್ಲ. ಕೆಂಪುಮಸಿಯಲ್ಲಿ ‘ಛಂದೋಭಂಗ’ ಎಂದು ಬರೆದೆ. ಹುಡುಗನು ಆ ಮಾತಿನ ಅರ್ಥವನ್ನು ಕೇಳಿ ತಿಳಿದುಕೊಂಡು, ‘ನಮ್ಮ ಆಯಿ ತಪ್ಪು ಹಾಡತಾಳೇನ್ರೀ ಸರ?’ ಎಂದನು. ಹೌದೆಂದೆ. ಆ ಹುಡುಗನು ಮುಂದೆ ಒಂದು ಹಾಡನ್ನೂ ತರಲಿಲ್ಲ.

ಕೆಲವು ತಿಂಗಳು ಕಳೆದಮೇಲೆ, ಅವನು ಜ್ವರದಿಂದ ಶಾಲೆಗೆ ಬಾರದಿದ್ದಾಗ ಅವರ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಮುದುಕಿಯು ಕಲ್ಲಿನ ಮುಂದೆ ಕುಳಿತು ಜೋಳ ಬೀಸುತ್ತಿದ್ದಳು. ನನ್ನನ್ನು ಕೂರಿಸಿ, ನೀರು ಕೊಟ್ಟು, ಬಳಿಕ ನಗುತ್ತಲೇ ಕೇಳಿದಳು: ‘ನನ್ನ ಹಾಡು ತಪ್ಪಂತಲ್ರೀ ಮಾಸ್ತರ್ರ? ಹಾಡತೀನಿ, ಎಲ್ಲಿ ತಪ್ಪೈತಿ ಹೇಳ್ರಿ, ಅಲ್ಲೇ ಕಲ್ಲು ನಿಂದರಸ್ತೀನಿ.’ ಗೂಟವನ್ನು ಹಿಡಿದು ಅದೇ ಎರಡು ಪದಗಳನ್ನು ಹಾಡಿದಳು. 18 ಮಾತ್ರೆಯ ಸಾಲೂ 21 ಮಾತ್ರೆಯ ಸಾಲೂ ಕಲ್ಲಿನ ಅಷ್ಟೇ ಸುತ್ತುಗಳಲ್ಲಿ ಮುಗಿದುವು. ಎಲ್ಲಿ ಅಕ್ಷರ ಕಡಮೆಯಾಯಿತೋ ಅಲ್ಲಿ ದನಿಯನ್ನು ಎಳೆದಳು. ಎಲ್ಲಿ ಹೆಚ್ಚಾಯಿತೋ ಅಲ್ಲಿ ಒತ್ತಿ ನುಡಿದಳು. ಕಲ್ಲನ್ನು ನಿಲ್ಲಿಸೆಂದು ಹೇಳಲು ನನಗೆ ಎಲ್ಲಿಯೂ ಎಡೆ ಸಿಕ್ಕಲಿಲ್ಲ.

ಆ ರಾತ್ರಿ ಮನೆಗೆ ಬಂದು ಪುಸ್ತಕವನ್ನು ತೆಗೆದು ನೋಡಿದೆ. ನಾನು ಓದಿ, ಪರೀಕ್ಷೆಗೆ ಬರೆದು, ಮರೆತಿದ್ದ ವಿಷಯವು ಅಲ್ಲಿಯೇ ಇದ್ದಿತು. ತ್ರಿಪದಿಯು ಮಾತ್ರಾಗಣದ ಬಂಧವಲ್ಲ, ಅಂಶಗಣದ ಬಂಧ. ಬ್ರಹ್ಮಗಣಕ್ಕೆ ಎರಡು ಅಂಶ, ವಿಷ್ಣುಗಣಕ್ಕೆ ಮೂರು, ರುದ್ರಗಣಕ್ಕೆ ನಾಲ್ಕು. ಗಣದ ಮೊದಲ ಅಂಶವು ಒಂದು ಗುರುವಾಗಿಯೋ ಎರಡು ಲಘುಗಳಾಗಿಯೋ ಇರಬಹುದು. ಮುಂದಿನ ಪ್ರತಿಯೊಂದು ಅಂಶವೂ ಒಂದು ಗುರುವಾಗಿಯೋ ಒಂದೇ ಲಘುವಾಗಿಯೋ ಇರಬಹುದು. ಹೀಗೆ ಬ್ರಹ್ಮಗಣಕ್ಕೆ 4 ರೂಪ, ವಿಷ್ಣುವಿಗೆ 8, ರುದ್ರಕ್ಕೆ 16. ತ್ರಿಪದಿಯಲ್ಲಿ 11 ಗಣಗಳು; ಆರನೆಯದೂ ಹತ್ತನೆಯದೂ ಬ್ರಹ್ಮ, ಉಳಿದ ಒಂಬತ್ತೂ ವಿಷ್ಣು. ಮಾತ್ರೆಯಿಂದ ಅಳೆದರೆ ವಿಷ್ಣುಗಣವು 4ರಿಂದ 6ರವರೆಗೆ ಹಿಗ್ಗಬಲ್ಲುದು, ಬ್ರಹ್ಮಗಣವು 3ರಿಂದ 4ರವರೆಗೆ. ಆದುದರಿಂದ ಮೊದಲ ಪಾದಕ್ಕೆ 16 ಮಾತ್ರೆಯೂ ಬರಬಹುದು, 24 ಮಾತ್ರೆಯೂ ಬರಬಹುದು. ಇಡೀ ತ್ರಿಪದಿಗೆ 42 ಬಂದರೂ ತಪ್ಪಿಲ್ಲ, 62 ಬಂದರೂ ತಪ್ಪಿಲ್ಲ. ನಿಜವಾದ ಪ್ರಸ್ತಾರವನ್ನು ಹಾಕಹೊರಟರೆ ಶಾಸ್ತ್ರಸಮ್ಮತವಾದ ರೂಪಗಳು 214 ಕೋಟಿಗಿಂತ ಮಿಗಿಲಾಗುವುವು. ಅಷ್ಟು ಕೋಟಿ ರೂಪಗಳಲ್ಲಿ ಎರಡನ್ನು ಆ ಮುದುಕಿ ಹಾಡಿದ್ದಳು. ನಾನು ಅವಕ್ಕೆ ಕೆಂಪುಗೆರೆ ಎಳೆದಿದ್ದೆನು.

ಬರಬರುತ್ತ ವಿಷ್ಣುಗಣವು ಐದು ಮಾತ್ರೆಯ ಕಡೆಗೆ ವಾಲಿತೆಂಬುದನ್ನು ನಾನು ಬಲ್ಲೆ. ಅಂಶದ ಬಂಧಗಳು ಮಾತ್ರೆಯ ಬಂಧಗಳಾಗಿ ಮಾರ್ಪಟ್ಟುದು ನಮ್ಮ ಛಂದಸ್ಸಿನ ಚರಿತ್ರೆಯ ಒಂದು ದೊಡ್ಡ ಘಟನೆ. ನಾಗವರ್ಮನು ಲಕ್ಷಣ ಹೇಳಿದ ಷಟ್ಪದಿಯು ಅಂಶಗಣದ್ದು. ರಾಘವಾಂಕನ ಕೈಯಲ್ಲಿ ಅದು ಮಾತ್ರಾಗಣದ್ದಾಯಿತು. ಆದರೆ ಮಗನು ಬೆಳೆದು ಬೇರೆ ಮನೆ ಕಟ್ಟಿದನೆಂದು ತಾಯಿಯ ಮನೆಯನ್ನು ಮಗನ ಮನೆಯ ಅಳತೆಗೋಲಿನಿಂದ ಅಳೆದು ಸೊಟ್ಟವೆನ್ನಬಹುದೆ? ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಗಳನ್ನು ಕೊರೆದುದು ಕ್ರಿ.ಶ. 700ರ ಸುಮಾರಿನಲ್ಲಿ. ನಾಗವರ್ಮನು ಛಂದೋಂಬುಧಿಯನ್ನು ಬರೆದುದು 990ರ ಸುಮಾರಿನಲ್ಲಿ. ಲಕ್ಷ್ಯವು ಕಲ್ಲಿನ ಮೇಲೆ ಕುಳಿತು ಮುನ್ನೂರು ವರ್ಷಗಳಾಗುತ್ತ ಬಂದಮೇಲೆ ಲಕ್ಷಣವು ಗ್ರಂಥಕ್ಕೆ ಬಂದಿತು. ಸಾಂಗತ್ಯದ ಮಾತೂ ಹೀಗೆಯೇ. ರತ್ನಾಕರವರ್ಣಿಯ ಭರತೇಶವೈಭವವನ್ನು ಹಾಡದೆ, ಮಾತ್ರೆಗಳನ್ನಷ್ಟೆ ಎಣಿಸುವವನು ಕವಿಯನ್ನು ಪದೇ ಪದೇ ತಪ್ಪಿತಸ್ಥನೆಂದು ತೀರ್ಮಾನಿಸಬೇಕಾಗುವುದು.

ಸಂಸ್ಕೃತವನ್ನು ಓದಿದ ನನ್ನಂತಹವರು ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಕೇಳಬೇಕು. ಅಕ್ಷರಗಣಗಳು ಶಿಷ್ಟ, ಅಂಶಗಣಗಳು ಒರಟು ಎಂಬ ಭಾವನೆ ನಮ್ಮಲ್ಲಿ ಒಳಗೊಳಗೇ ಉಂಟು. ಆದರೆ ನಮ್ಮ ಚಂಪೂಕವಿಗಳು ಮೆಚ್ಚಿ ಬಳಸಿದ ಆರು ವೃತ್ತಗಳನ್ನು ಜೊತೆ ಜೊತೆಯಾಗಿ ಇಟ್ಟು ನೋಡಿರಿ. 19 ಅಕ್ಷರದ ಶಾರ್ದೂಲವಿಕ್ರೀಡಿತದ ಮೊದಲ ಗುರುವನ್ನು ಒಡೆದು ಎರಡು ಲಘು ಮಾಡಿದರೆ 20 ಅಕ್ಷರದ ಮತ್ತೇಭವಿಕ್ರೀಡಿತವಾಗುವುದು. 20 ಅಕ್ಷರದ ಉತ್ಪಲಮಾಲೆಗೆ ಹಾಗೆಯೇ ಮಾಡಿದರೆ 21 ಅಕ್ಷರದ ಚಂಪಕಮಾಲೆ. 21 ಅಕ್ಷರದ ಸ್ರಗ್ಧರೆಗೆ ಮಾಡಿದರೆ 22 ಅಕ್ಷರದ ಮಹಾಸ್ರಗ್ಧರೆ. ಮಿಕ್ಕ ಅಕ್ಷರಗಳೆಲ್ಲ ಇದ್ದಲ್ಲಿಯೇ ಇರುವುವು. ಮೊದಲ ಗುರುವಿನ ಸ್ಥಾನದಲ್ಲಿ ಎರಡು ಲಘುಗಳನ್ನು ಇಡಬಹುದೆಂಬುದು ಯಾವ ನಿಯಮ? ಬೀಸುಕಲ್ಲಿನ ತ್ರಿಪದಿಯ ಅಂಶಗಣದ ನಿಯಮವಲ್ಲವೆ? ಪಂಪನ ಆಸ್ಥಾನದ ವೃತ್ತಕ್ಕೂ ಆ ಮುದುಕಿಯ ಪಡಸಾಲೆಯ ಹಾಡಿಗೂ ಹಿಂದೆ ನಿಂತದ್ದು ಒಂದೇ ಕನ್ನಡದ ಕಿವಿಯೆಂದು ನಾನು ನಂಬುತ್ತೇನೆ. ಸಂಸ್ಕೃತ ಕವಿಯು ಯತಿಯನ್ನು ಬಿಡಲೊಲ್ಲನು. ಕನ್ನಡ ಕವಿಯು ಯತಿಯನ್ನು ಅಷ್ಟಾಗಿ ಲೆಕ್ಕಿಸದೆ ಎರಡನೆಯ ಅಕ್ಷರದ ಪ್ರಾಸವನ್ನು ಹಿಡಿದನು. ಎರವಲು ತಂದ ವೃತ್ತವನ್ನೂ ತನ್ನ ಬಾಯಿಗೆ ಒಗ್ಗಿಸಿಕೊಂಡೇ ಅವನು ಹಾಡಿದನು.

ಈಗ ಮಿತ್ರರ ಎರಡನೆಯ ಆಕ್ಷೇಪಕ್ಕೆ ಬರುತ್ತೇನೆ. ಕವಿ ಎಣಿಸಲಿಲ್ಲ, ನಿಜ. ಮಾತನಾಡುವವನು ವಿಭಕ್ತಿಗಳನ್ನು ಎಣಿಸುವನೆ? ಎಣಿಸದಿದ್ದರೂ ‘ಮರದಲ್ಲಿ’ ಎನ್ನಬೇಕಾದಲ್ಲಿ ‘ಮರದಿಂದ’ ಎನ್ನುವುದಿಲ್ಲ. ಎಣಿಸದೆಯೇ ನಡೆಯುವ ಈ ಕ್ರಮವು ಯಾವುದೆಂದು ತಿಳಿಯುವುದು ವ್ಯಾಕರಣ. ಎಣಿಸದೆಯೇ ಬಿದ್ದ ಹೆಜ್ಜೆಯು ಯಾವುದೆಂದು ತಿಳಿಯುವುದು ಛಂದಸ್ಸು. ಸೇಡಿಯಾಪು ಕೃಷ್ಣಭಟ್ಟರು ತಮ್ಮ ಗ್ರಂಥಕ್ಕೆ ‘ಛಂದೋಗತಿ’ ಎಂದು ಹೆಸರಿಟ್ಟರು. ಗತಿಯೆಂಬ ಆ ಒಂದು ಮಾತನ್ನು ಮಿತ್ರರು ಮನಸ್ಸಿನಲ್ಲಿಟ್ಟುಕೊಂಡರೆ ನಮ್ಮಿಬ್ಬರ ಜಗಳದಲ್ಲಿ ಅರ್ಧವು ತೀರುವುದು.

ಮೂರನೆಯ ಆಕ್ಷೇಪವು ಹೊಸ ಕವಿತೆಯನ್ನು ಕುರಿತುದು. ಗೋವಿಂದ ಪೈಗಳು 1911ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟರು. ಪ್ರಾಸವು ತಿಳಿಯದೆ ಬಿಟ್ಟವರಲ್ಲ ಅವರು. ಅದು ಎಲ್ಲಿ ಕಟ್ಟುವುದೆಂಬುದನ್ನು ಬಲ್ಲವರಾಗಿದ್ದುದರಿಂದಲೇ ಬಿಟ್ಟರು. ಬಿ. ಎಂ. ಶ್ರೀಕಂಠಯ್ಯನವರು 1926ರ ‘ಇಂಗ್ಲಿಷ್ ಗೀತಗಳು’ ಸಂಗ್ರಹದಲ್ಲಿ ಪರದೇಶದ ಕವಿತೆಗಳನ್ನು ಕನ್ನಡಕ್ಕೆ ತಂದಾಗ ನಡಗೆಗೆ ಬೇಕಾದ ಸಾಮಗ್ರಿಯನ್ನು ತೆಗೆದುಕೊಂಡುದು ನಮ್ಮ ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳಿಂದಲೇ. ಸಾಲುಗಳ ಕಟ್ಟನ್ನು ಮಾತ್ರ ಹೊಸದಾಗಿ ಹೂಡಿದರು. ಕುವೆಂಪು ಅವರು 1949ರ ಶ್ರೀರಾಮಾಯಣದರ್ಶನಂ ಕಾವ್ಯದಲ್ಲಿ ಪ್ರಾಸವನ್ನು ಕೈಬಿಟ್ಟು ಸಾಲಿನಿಂದ ಸಾಲಿಗೆ ವಾಕ್ಯವನ್ನು ಹರಿಯಬಿಟ್ಟರು. ಅದನ್ನು ಗಟ್ಟಿಯಾಗಿ ಓದಿದವನು ರಗಳೆಯ ಹಳೆಯ ಅಲೆಯು ಅಡಿಯಲ್ಲಿ ಏಳುತ್ತ ಬೀಳುತ್ತ ಇರುವುದನ್ನು ಕೇಳದಿರಲಾರನು. ಕಟ್ಟನ್ನು ಹರಿದವರೆಂದು ಮಿತ್ರರು ಯಾರನ್ನು ಕೊಂಡಾಡುವರೋ ಅವರೆಲ್ಲರ ಕಿವಿಯೂ ಕಟ್ಟಿನಲ್ಲಿಯೇ ಪಳಗಿದ್ದಿತು. ಮಕ್ಕಳಿಗೆ ಕಿವಿಯ ಪಾಠವನ್ನು ತಪ್ಪಿಸಿ ಹೊಸ ಕವಿತೆಯನ್ನು ಕೊಟ್ಟರೆ, ಸಾಲನ್ನು ಕವಿ ಅಲ್ಲಿಯೇ ಏಕೆ ಮುರಿದನೆಂಬುದನ್ನು ಅವರು ಯಾವುದರಿಂದ ತಿಳಿಯಬೇಕು?

ಪಾಠವನ್ನು ತೆಗೆದುಹಾಕುವುದು ಪರಿಹಾರವಲ್ಲ. ಇದ್ದಂತೆ ಇಟ್ಟುಕೊಳ್ಳುವುದೂ ಪರಿಹಾರವಲ್ಲ. ಉತ್ತರಪತ್ರಿಕೆಗಳನ್ನು ತಿದ್ದುವ ಸ್ಥಳದಲ್ಲಿ ಕುಳಿತಿದ್ದಾಗ ಒಮ್ಮೆ ಒಬ್ಬ ಹುಡುಗಿಯ ಉತ್ತರವು ನನ್ನ ಕೈಗೆ ಬಂದಿತು. ಗೆರೆಗಳನ್ನು ಎಳೆಯದೆ, ‘ಇದು ಏಳು ಏಳರ ಓಟ, ಭಾಮಿನಿ’ ಎಂದಷ್ಟೆ ಬರೆದಿದ್ದಳು. ಮುಂದಿನ ಉತ್ತರಪತ್ರಿಕೆಯಲ್ಲಿ ಗೆರೆಗಳೆಲ್ಲ ಇದ್ದುವು. ಹೆಸರು ಮಾತ್ರ ತಪ್ಪಿದ್ದಿತು. ನಿಯಮದ ಪ್ರಕಾರ ಮೊದಲನೆಯವಳಿಗೆ ಕಡಮೆಯೂ ಎರಡನೆಯವನಿಗೆ ಹೆಚ್ಚೂ ಅಂಕ ಸಲ್ಲಬೇಕಾಗಿದ್ದಿತು, ಹಾಗೆಯೇ ಸಂದಿತು. ನಾನು ಆಕ್ಷೇಪಿಸಲಿಲ್ಲ. ಆಕ್ಷೇಪಿಸಬೇಕಾಗಿದ್ದಿತು.

ನನ್ನ ಸೂಚನೆಯು ಬಹಳ ಸರಳವಾದುದು. ಮೊದಲು ಉಪಾಧ್ಯಾಯರು ಪದ್ಯವನ್ನು ಗಟ್ಟಿಯಾಗಿ ಓದಲಿ, ಬಂದರೆ ಹಾಡಲಿ. ಬಳಿಕ ಮಕ್ಕಳು ಕೈತಟ್ಟಿ ಹೆಜ್ಜೆಯನ್ನು ಕಂಡುಹಿಡಿಯಲಿ. ಹೆಜ್ಜೆ ಸಿಕ್ಕಿದಮೇಲೆ ಗಣಕ್ಕೆ ಕತ್ತರಿಸಲಿ. ಕತ್ತರಿಸಿದುದು ಸರಿಯೋ ಅಲ್ಲವೋ ಎಂದು ಪರೀಕ್ಷಿಸುವುದಕ್ಕೆ, ಕಟ್ಟಕಡೆಯಲ್ಲಿ, ಗುರುಲಘುಗಳ ಗುರುತು ಬರಲಿ. ಹೆಸರನ್ನು ಹೇಳಿದ ಹುಡುಗನನ್ನು, ಕವಿಗೆ ಈ ಬಂಧದಿಂದ ಏನು ದೊರೆಯಿತೆಂದು ಒಂದು ವಾಕ್ಯದಲ್ಲಿ ಕೇಳಲಿ. ತ್ರಿಪದಿ ಸಾಂಗತ್ಯಗಳನ್ನು ಹಾಡದೆ ಪಾಠಮಾಡಕೂಡದು. ಹಾಡಲು ಬಾರದ ಉಪಾಧ್ಯಾಯರು (ನಾನೂ ಅವರಲ್ಲೊಬ್ಬನು) ಊರಿನಲ್ಲಿ ಹಾಡುವವರನ್ನು ಶಾಲೆಗೆ ಕರೆಯಿಸಲಿ. ಅದರಲ್ಲಿ ಅವಮಾನವೇನೂ ಇಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಗ್ರಹವನ್ನು ಪ್ರಕಟಿಸಿದುದು ಹೀಗೆ ಕೇಳಿ ಕೇಳಿಯೇ. ಅವರು ಗೆರೆಗೋಲನ್ನು ಹಿಡಿದುಕೊಂಡು ಆ ತಾಯಂದಿರ ಮುಂದೆ ಕುಳಿತಿದ್ದರೆ ನಮಗೆ ಆ ಪುಸ್ತಕವೇ ಸಿಗುತ್ತಿರಲಿಲ್ಲ.

ಈ ಪತ್ರಿಕೆಯನ್ನು ತರಿಸುವ ಮನೆಗಳಲ್ಲಿ ಗದುಗಿನ ಭಾರತವೋ ಜೈಮಿನಿಯೋ ಕಪಾಟಿನಲ್ಲಿ ಇದ್ದೇ ಇರುವುದು. ವಾರಕ್ಕೊಂದು ಸಂಜೆ ಅದನ್ನು ಹೊರತೆಗೆದು, ಐದೇ ಪದ್ಯಗಳನ್ನಾದರೂ ಮಕ್ಕಳೆದುರಿಗೆ ಗಟ್ಟಿಯಾಗಿ ಓದಬೇಕೆಂದು ಮನೆಯ ಹಿರಿಯರನ್ನು ಪ್ರಾರ್ಥಿಸುತ್ತೇನೆ. ಮನೆಯಲ್ಲಿ ಹಾಡು ಬಲ್ಲ ಅಜ್ಜಿಯರಿದ್ದರೆ ಅವರಿಗೆ ಮೊದಲ ಸರದಿ. ಶಾಲೆಯಲ್ಲಿ ಅದೇ ಮಕ್ಕಳಿಗೆ ಗಣದ ಹೆಸರನ್ನು ಹೇಳಿದಾಗ, ತಮಗೆ ಗೊತ್ತಿದ್ದುದಕ್ಕೇ ಹೆಸರು ಸಿಕ್ಕಿತೆಂದು ಅವರು ಸಂತೋಷಪಡುವರು. ತರುಣ ಮಿತ್ರರು ಇದಕ್ಕೆ ಪ್ರತ್ಯುತ್ತರವನ್ನು ಬರೆಯುವುದಾದರೆ ಸ್ವಾಗತ. ಬರೆಯುವುದಕ್ಕೆ ಮುಂಚೆ ಒಂದು ದಿನ ನನ್ನ ಮನೆಗೆ ಬಂದು ಕುಳಿತು ಒಂದು ಸಂಧಿಯನ್ನು ಗಟ್ಟಿಯಾಗಿ ಓದಬೇಕೆಂದು ಬೇಡುತ್ತೇನೆ. ಓದುವವರು ಅವರಾಗಲಿ, ತಾಳ ಹಾಕುವವನು ನಾನಾಗುತ್ತೇನೆ.